ಆಸ್ಪತ್ರೆಯ ಹಳೇ ರೆಕಾರ್ಡ್ ರೂಮ್: ರಿಜಿಸ್ಟರ್ ಮೊದಲು, ಪುಸ್ತಕ ಆಮೇಲೆ

ಮಂಡ್ಯ ಕಡೆಯ ಒಂದು ಹಳೇ ಆಸ್ಪತ್ರೆಯಲ್ಲಿ ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲು ತೆಗೆಸಿದಾಗ ಎರಡು ರಾಶಿ ಕಂಡವು. ಒಂದು ಕಡೆ ಗಾಜಿನ ಬೀರು, ಅದರೊಳಗೆ ಚಿನ್ನದ ಅಕ್ಷರದ, ತೊಗಲು ಬೈಂಡಿನ ದಪ್ಪ ದಪ್ಪ ವೈದ್ಯಕೀಯ ಪುಸ್ತಕಗಳು. ಇನ್ನೊಂದು ಕಡೆ ಗೋಣಿಚೀಲಗಳಲ್ಲಿ ತುರುಕಿದ್ದ ಉದ್ದುದ್ದ ರಿಜಿಸ್ಟರುಗಳು, ದಾರ ಕಿತ್ತುಹೋದ ಕೇಸ್ ಶೀಟುಗಳು. ಬೀರುವಿಗೆ ಬೀಗ ಇತ್ತು. ನಾನು ಮುಂದಿನ ವಾರ ಮತ್ತೆ ಹೋಗುವಷ್ಟರಲ್ಲಿ ಮೂರು ಚೀಲ ಗುಜರಿ ಸೇರಿದ್ದವು. "ಅದು ಕಸ ಕಣ್ ಸಾ, ಬುಕ್ಕೆಲ್ಲ ಜೋಪಾನವಾಗಿ ಮಡಗಿವ್ನಿ" ಎಂದ ಅಟೆಂಡರ್, ಹೆಮ್ಮೆಯಿಂದಲೇ.

ಅವನನ್ನು ದೂರಿ ಪ್ರಯೋಜನವಿಲ್ಲ, ಓದಿದವರೂ ಹೀಗೇ ಯೋಚಿಸುತ್ತಾರೆ. ಬೀರುವಿನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಗಿ ಊರೂರಿಗೆ ಹೋದದ್ದು. ಇಲ್ಲಿ ಹಾಳಾದರೆ ಇನ್ನೆಲ್ಲೋ ಸಿಗುತ್ತದೆ. ಚೀಲದಲ್ಲಿದ್ದ ಹೆರಿಗೆ ರಿಜಿಸ್ಟರ್ ಮಾತ್ರ ಲೋಕದಲ್ಲಿ ಅದೊಂದೇ. ಹಳೇ ಆಸ್ಪತ್ರೆಯ ದಾಖಲೆಗಳನ್ನು ಉಳಿಸಿಕೊಳ್ಳುವ ಈ ಮಾರ್ಗದರ್ಶಿಯಲ್ಲಿ ನಾನು ಹೇಳುವ ಎಲ್ಲ ಹಂತವೂ ಆ ಲೆಕ್ಕಾಚಾರದ ಮೇಲೇ ನಿಂತಿದೆ.

ನಂಬದವರಿಗೆ ಮೈಸೂರಿನದೇ ಉದಾಹರಣೆ ಇದೆ. ನಮ್ಮವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದೀಚೆಗಿನ ಹೆರಿಗೆ ದಾಖಲೆಗಳು ಉಳಿದಿದ್ದವು. ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ, ಎಲ್ಲವನ್ನೂ ಅಂದಿನ ದಾದಿಯರು ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಸಂಶೋಧಕರು 1990ರ ದಶಕದಲ್ಲಿ ಹುಡುಕಿ ತಪಾಸಣೆ ಮಾಡಿದರು. ಹುಟ್ಟುವಾಗ ಐದೂವರೆ ಪೌಂಡ್ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಏಳು ಪೌಂಡಿಗಿಂತ ಹೆಚ್ಚು ತೂಗಿದ್ದವರಲ್ಲಿ ಅದು ನೂರಕ್ಕೆ 3. ಈ ಅಧ್ಯಯನ 1996ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ರಾತ್ರಿ ಪಾಳಿಯ ದಾದಿಯೊಬ್ಬಳು ಲಾಟೀನು ಬೆಳಕಿನಲ್ಲೋ ಏನೋ ಬರೆದ ಅಂಕಿ ಅರವತ್ತು ವರ್ಷದ ನಂತರ ಹೀಗೆ ಕೆಲಸಕ್ಕೆ ಬರುತ್ತದೆಂದು ಅವಳಿಗೆ ಗೊತ್ತಿರಲು ಸಾಧ್ಯವೇ?

ಮೊದಲು ಅಪ್ಪಣೆ

ಅಧೀಕ್ಷಕರಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಬಾಯಿಮಾತಿನ "ಆಯ್ತು, ಮಾಡಿ" ಅವರ ವರ್ಗಾವಣೆಯ ಜೊತೆಗೇ ಹೊರಟುಹೋಗುತ್ತದೆ. ಪತ್ರದಲ್ಲಿ ಮೂರು ವಿಷಯ ಇರಲಿ: ಕೋಣೆಗೆ ಯಾರು ಯಾರು ಹೋಗಬಹುದು, ಬೀಗದ ಕೈ ಯಾರ ಹತ್ತಿರ, ಕೆಲಸ ಮುಗಿಯುವವರೆಗೆ ಒಂದು ಕಾಗದವೂ ಹೊರಗೆ ಹೋಗಬಾರದು. ಎಂಆರ್‌ಡಿ (ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗ) ಸಿಬ್ಬಂದಿಯನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ. ಹೊರಗಿನವರು ಬಂದು ತಮ್ಮ ಕೋಣೆ ಕೆದಕುತ್ತಿದ್ದಾರೆ ಅನ್ನಿಸಿದರೆ ಯಾರಿಗಾದರೂ ಮುನಿಸು ಬರುತ್ತದೆ.

ಸರ್ಕಾರಿ ಆಸ್ಪತ್ರೆಯಾದರೆ ಅಲ್ಲಿರುವುದು ಸಾರ್ವಜನಿಕ ದಾಖಲೆ. ಹಳೆಯದನ್ನು ವಿಲೇವಾರಿ ಮಾಡುವ ಮಾತು ಬಂದರೆ ರಾಜ್ಯ ಪತ್ರಾಗಾರ ಇಲಾಖೆಯನ್ನು ಕೇಳಿ. ಅದರ ವಿಭಾಗೀಯ ಕಚೇರಿ ಮೈಸೂರಿನಲ್ಲೇ ಇದೆ.

ಇಲ್ಲಿ ಒಂದು ಗೊಂದಲ ಪದೇ ಪದೇ ಬರುತ್ತದೆ. "ಕೇಸ್ ಶೀಟ್ ಮೂರು ವರ್ಷ ಇಟ್ಟರೆ ಸಾಕಲ್ಲವೇ?" ಎಂದು ಕೇಳುತ್ತಾರೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು ಎನ್ನುತ್ತದೆ, ನಿಜ. ಅದು ಕನಿಷ್ಠ ಮಿತಿ. ಮೂರು ವರ್ಷ ಆದಕೂಡಲೇ ಸುಡಿ ಎಂದು ಅದರಲ್ಲಿ ಎಲ್ಲೂ ಇಲ್ಲ. ಎಂಎಲ್‌ಸಿ, ಅಂದರೆ ಪೊಲೀಸು ಕಾನೂನಿಗೆ ಸೇರಿದ ವೈದ್ಯಕೀಯ ಪ್ರಕರಣಗಳ, ಕಡತಗಳ ದಾರಿಯೇ ಬೇರೆ. ಹೊಡೆದಾಟ, ಅಪಘಾತ, ವಿಷ ಕುಡಿದ ಪ್ರಕರಣ ಎಂದು ಗುರುತಾದ ಕಾಗದಕ್ಕೆ ಕೋರ್ಟಿನ ನೆರಳು ಇರುತ್ತದೆ. ಅವನ್ನು ಕಂಡ ಕೂಡಲೇ ಬೇರೆ ಬೀರುವಿಗೆ ಹಾಕಿ ಬೀಗ ಜಡಿಯಿರಿ, ಉಳಿದ ಯೋಚನೆ ಆಮೇಲೆ.

ಕೈ ಹಾಕುವ ಮುಂಚೆ ಫೋಟೊ

ಕೋಣೆ ಹೇಗಿದೆಯೋ ಹಾಗೇ, ಜೇಡರ ಬಲೆ ಸಮೇತ, ನಾಲ್ಕೂ ಮೂಲೆಯಿಂದ ಫೋಟೊ ತೆಗೆಯಿರಿ. ಪ್ರತಿ ರ‍್ಯಾಕಿಗೆ ಒಂದು ಅಕ್ಷರ, ಪ್ರತಿ ಅರೆಗೆ ಒಂದು ಸಂಖ್ಯೆ. ಅರೆಯ ಮೇಲೆ ಚೀಟಿ ಇಟ್ಟು ಮತ್ತೊಮ್ಮೆ ಫೋಟೊ.

ಕಸದಂತೆ ಕಾಣುವ ರಾಶಿಗೂ ಒಂದು ಕ್ರಮ ಇರುತ್ತದೆ. ಹೆರಿಗೆ ವಾರ್ಡಿನ ಪುಸ್ತಕದ ಪಕ್ಕದಲ್ಲಿ ಹೆಸರಿಲ್ಲದ ಒಂದು ತೆಳ್ಳಗಿನ ನೋಟ್‌ಬುಕ್ ಇದ್ದರೆ ಅದೂ ಹೆರಿಗೆ ವಾರ್ಡಿನದೇ ಇರಬಹುದು. ಅದನ್ನೆತ್ತಿ "ಇತರೆ" ಎಂಬ ಪೆಟ್ಟಿಗೆಗೆ ಹಾಕಿದಿರೋ, ಅದರ ಹುಟ್ಟೂರು ಮತ್ತೆಂದೂ ಗೊತ್ತಾಗುವುದಿಲ್ಲ. ಕೆಂಪು ರುಮಾಲಿನಲ್ಲಿ ಕಟ್ಟಿದ ಕಟ್ಟನ್ನು ಬಿಚ್ಚಿದರೆ ಒಳಗಿನದೆಲ್ಲ ಒಟ್ಟಿಗೇ ಇರಲಿ. ರುಮಾಲಿನ ಮೇಲೆ ಅಂಟಿಸಿದ ಚೀಟಿ ಹರಿದಿದ್ದರೂ ಎಸೆಯಬೇಡಿ. ರುಮಾಲನ್ನು ಮಾತ್ರ ಬದಲಾಯಿಸಿ. ಒದ್ದೆಯಾದರೆ ಆ ಕೆಂಪು ಬಣ್ಣ ಬಿಟ್ಟುಕೊಂಡು ಕಾಗದಕ್ಕೆ ಇಳಿಯುತ್ತದೆ.

ಕೆಲಸ ಶುರುಮಾಡಲು ಒಳ್ಳೆಯ ಕಾಲ ಸಂಕ್ರಾಂತಿ ಕಳೆದ ಮೇಲೆ. ಯುಗಾದಿ ತನಕ ಗಾಳಿ ಒಣಗಿರುತ್ತದೆ. ಜೂನ್ ನಂತರ ಕೋಣೆ ಬಿಚ್ಚಿ ಕಾಗದ ಹರವಿದರೆ ಬೂಷ್ಟನ್ನು ನಾವೇ ಕರೆದು ಕೂರಿಸಿದ ಹಾಗೆ. ಮಂಡ್ಯದ ನಾಲೆ ಬಯಲಿನಲ್ಲಂತೂ ಗದ್ದೆಗೆ ನೀರು ಬಿಟ್ಟ ದಿನಗಳಲ್ಲಿ ಗೋಡೆಯೇ ಬೆವರುತ್ತದೆ.

ಮೈ ಜೋಪಾನ

ಎನ್-95 ಮಾಸ್ಕ್, ನೈಟ್ರೈಲ್ ಕೈಗವಸು, ಒಗೆಯಬಹುದಾದ ಏಪ್ರನ್. ಬೂಷ್ಟು ಹಿಡಿದ ಕಾಗದ ಒದರಿದರೆ ಆ ಪುಡಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ, ಉಬ್ಬಸ ಇರುವವರು ದೂರ ಇರುವುದೇ ಸರಿ. ಹಳೇ ಕಾಲದಲ್ಲಿ ಹುಳು ಓಡಿಸಲು ಪುಸ್ತಕಗಳಿಗೆ ಡಿಡಿಟಿ ಉದುರಿಸುತ್ತಿದ್ದರು, ಪಾದರಸದ ದ್ರಾವಣ ಬಳಿಯುತ್ತಿದ್ದುದೂ ಉಂಟು. 19ನೇ ಶತಮಾನದ ಕಡುಹಸಿರು ಬಟ್ಟೆ ಬೈಂಡಿನ ಪುಸ್ತಕ ಸಿಕ್ಕರೆ ಇನ್ನೂ ಎಚ್ಚರ ಬೇಕು. ಆ ಹಸಿರು ಬಣ್ಣದಲ್ಲಿ ಪಾಷಾಣ (ಆರ್ಸೆನಿಕ್) ಇರಬಹುದು. ಅಂಥದ್ದನ್ನು ಜಿಪ್ ಕವರಿನಲ್ಲಿ ಹಾಕಿ, ಮೇಲೆ ಬರೆದು, ಬೇರೆ ಇಡಿ. ಪುಟ ತಿರುವಲು ಬೆರಳಿಗೆ ಎಂಜಲು ಹಚ್ಚುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಈ ಕೋಣೆಯಲ್ಲಿ ಅದು ಖಂಡಿತ ಬೇಡ.

ಎಕ್ಸ್‌ರೇ ಫಿಲ್ಮುಗಳ ಕಟ್ಟು ಸಿಕ್ಕರೆ ಅಂಚಿನಲ್ಲಿ 'ಸೇಫ್ಟಿ' ಎಂಬ ಇಂಗ್ಲಿಷ್ ಪದ ಅಚ್ಚಾಗಿದೆಯೇ ನೋಡಿ. ಅತಿ ಹಳೆಯ ಫಿಲ್ಮುಗಳು ನೈಟ್ರೇಟಿನವು, ಬೆಂಕಿ ಹತ್ತಿದರೆ ಆರಿಸುವುದು ಕಷ್ಟ, ಹೊಗೆಯೂ ವಿಷ. 1929ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಇಂಥ ಫಿಲ್ಮುಗಳಿಗೆ ಬೆಂಕಿ ಬಿದ್ದು 123 ಮಂದಿ ಸತ್ತರು. ಅಂಟುಅಂಟಾಗಿ, ಹಳದಿ ತಿರುಗಿದ, ಗುರುತಿಲ್ಲದ ಫಿಲ್ಮಿದ್ದರೆ ಮುಟ್ಟದೆ ಅಗ್ನಿಶಾಮಕದವರನ್ನು ಕೇಳಿ. ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಫಿಲ್ಮ್ ಹಾಳಾಗುತ್ತಿರುವ ಲಕ್ಷಣ. ನೈಟ್ರೇಟಿನಷ್ಟು ಬೆಂಕಿಯ ಭಯವಿಲ್ಲ, ಆದರೆ ಪಕ್ಕದ್ದಕ್ಕೂ ಹರಡುತ್ತದೆ, ಬೇರೆ ಇಡಿ. ಹಳೇ ಎಕ್ಸ್‌ರೇ ಕೊಳ್ಳಲು ಬರುವವರಿಗೆ ಬೇಕಾಗಿರುವುದು ಅದರಲ್ಲಿನ ಬೆಳ್ಳಿ. ಫಿಲ್ಮಿನ ಮೂಲೆಯಲ್ಲಿ ರೋಗಿಯ ಹೆಸರಿರುತ್ತದೆ ಎಂಬುದು ಅವರಿಗೆ ಲೆಕ್ಕಕ್ಕಿಲ್ಲ, ನಮಗಿರಬೇಕು.

ಪಟ್ಟಿ

ಎಲ್ಲರೂ ಸ್ಕ್ಯಾನಿಂಗಿನಿಂದ ಶುರು ಮಾಡಲು ಅವಸರ ಪಡುತ್ತಾರೆ. ಪಟ್ಟಿಯಿಲ್ಲದ ಸ್ಕ್ಯಾನ್ ಎಂದರೆ ಹಾರ್ಡ್ ಡಿಸ್ಕಿನೊಳಗೆ ಇನ್ನೊಂದು ಗೋಣಿಚೀಲ, ಅಷ್ಟೆ.

ಎಕ್ಸೆಲ್ ಹಾಳೆ ಸಾಕು. ಪ್ರತಿ ರಿಜಿಸ್ಟರಿಗೆ ಒಂದು ಸಾಲು: ನಮ್ಮ ಕ್ರಮಸಂಖ್ಯೆ, ಸಿಕ್ಕಿದ ಜಾಗ, ರಟ್ಟಿನ ಮೇಲೆ ಏನು ಬರೆದಿದೆ, ಒಳಗೆ ನಿಜವಾಗಿ ಏನಿದೆ, ಮೊದಲ ಮತ್ತು ಕೊನೆಯ ತಾರೀಖು, ಭಾಷೆ, ಸ್ಥಿತಿ. "ರಟ್ಟಿನ ಮೇಲೆ" ಮತ್ತು "ಒಳಗೆ" ಎಂಬ ಎರಡು ಕಾಲಂ ಬೇಕೇ ಬೇಕು. ಔಷಧಿ ದಾಸ್ತಾನು ಎಂದು ಬರೆದ ರಟ್ಟಿನೊಳಗೆ ಸಿಡುಬಿನ ಟೀಕೆ ಹಾಕಿದವರ ಪಟ್ಟಿ ಇರುವುದು ಅಪರೂಪವೇನಲ್ಲ. ಕಾಗದದ ಅಭಾವದ ಕಾಲದಲ್ಲಿ ಖಾಲಿ ಪುಟ ಸಿಕ್ಕಿದಲ್ಲೆಲ್ಲ ಬರೆದಿದ್ದಾರೆ. ಕ್ರಮಸಂಖ್ಯೆಯನ್ನು ಮೆತ್ತಗಿನ ಪೆನ್ಸಿಲಿನಲ್ಲಿ ಒಳರಟ್ಟಿನ ಮೂಲೆಗೆ ಬರೆಯಿರಿ. ಸ್ಟಿಕ್ಕರ್, ಮಾರ್ಕರ್, ರಬ್ಬರ್ ಸ್ಟಾಂಪು ಒಂದೂ ಬೇಡ.

ತಾರೀಖು ಹರಿದುಹೋಗಿದ್ದರೆ ಕಾಗದವೇ ಸುಳಿವು ಕೊಡುತ್ತದೆ. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ. 'ಮಂಡ್ಯ ತಾಲ್ಲೂಕು, ಮೈಸೂರು ಜಿಲ್ಲೆ' ಎಂದಿದ್ದರೆ ಅದಕ್ಕೂ ಹಿಂದಿನದೆಂದು ಊಹಿಸಬಹುದು. ಆಣೆ ಕಾಸಿನ ಲೆಕ್ಕ ಇದ್ದರೆ 1957ರ ಏಪ್ರಿಲಿಗೆ ಮುಂಚಿನದು, 'ನಯಾ ಪೈಸೆ' ಇದ್ದರೆ ಆಮೇಲಿನ ಕೆಲವೇ ವರ್ಷಗಳದು. 'ಮೈಸೂರು ಸರ್ಕಾರ' ಎಂಬ ತಲೆಬರಹ 1973ರ ನವೆಂಬರಿಗೆ ಹಿಂದಿನದು. ಆದರೆ ಈ ಕೊನೆಯದನ್ನು ಕಣ್ಣು ಮುಚ್ಚಿ ನಂಬಬೇಡಿ. ಹಳೇ ಫಾರಂ ದಾಸ್ತಾನು ಮುಗಿಯುವವರೆಗೂ ಅದನ್ನೇ ಬಳಸುವುದು ನಮ್ಮ ಕಚೇರಿಗಳ ಹುಟ್ಟುಗುಣ. ಸಂವತ್ಸರದ ಹೆಸರಿದ್ದರೂ ಹಾಗೇ. ಪ್ರಜೋತ್ಪತ್ತಿ ಎಂದರೆ 1931ರ ಯುಗಾದಿಯಿಂದ ಶುರುವಾದದ್ದೂ ಹೌದು, 1871ರದ್ದೂ ಹೌದು. ಪಕ್ಕದ ಬರಹ ನೋಡಿ ತೀರ್ಮಾನಿಸಬೇಕು.

ಕಾಯಿಲೆಗಳ ಹೆಸರನ್ನು ಇದ್ದ ಹಾಗೆಯೇ ನಕಲು ಮಾಡಿ, ಇಂದಿನ ಹೆಸರನ್ನು ಪಕ್ಕದ ಕಾಲಂನಲ್ಲಿ ಹಾಕಿ. ಇಂಗ್ಲಿಷಿನಲ್ಲಿ 'ಥೈಸಿಸ್' ಎಂದಿದ್ದರೆ ಕ್ಷಯ, 'ಎಂಟರಿಕ್ ಫೀವರ್' ಎಂದರೆ ಟೈಫಾಯ್ಡ್, 'ಏಗ್ಯೂ' ಎಂದರೆ ಚಳಿಜ್ವರ. ಕನ್ನಡದಲ್ಲಿ ಬರೆದ ಕಡೆ ವಾಂತಿಭೇದಿ, ಬಾಣಂತಿ ಸನ್ನಿ ಎಂಬ ಮಾತುಗಳು ಬರುತ್ತವೆ. ಅವನ್ನು ಅವಸರದಲ್ಲಿ ಒಂದೇ ರೋಗಕ್ಕೆ ಗಂಟು ಹಾಕಬೇಡಿ. ವಾಂತಿಭೇದಿ ಎಂದು ಬರೆದದ್ದೆಲ್ಲ ಕಾಲರಾ ಆಗಿರಬೇಕಿಲ್ಲ. ಔಷಧದ ಅಳತೆ ಗ್ರೇನ್, ಡ್ರಾಮ್, ಔನ್ಸುಗಳಲ್ಲಿರುತ್ತದೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ.

ಯಾವುದು ಮೊದಲು

ಎಲ್ಲವನ್ನೂ ಉಳಿಸಲು ದುಡ್ಡೂ ಇರುವುದಿಲ್ಲ, ಜನರೂ ಇರುವುದಿಲ್ಲ. ನನ್ನ ಸರತಿ ಹೀಗಿದೆ. ಹೆರಿಗೆ, ಸಾವು ಮತ್ತು ದಾಖಲಾತಿ (ಅಡ್ಮಿಷನ್) ರಿಜಿಸ್ಟರುಗಳು ಎಲ್ಲಕ್ಕಿಂತ ಮುಂದೆ. ಆಮೇಲೆ ಸಾಂಕ್ರಾಮಿಕಗಳ ಕಾಗದ. ಮೈಸೂರಿಗೆ 1898ರಲ್ಲಿ ಪ್ಲೇಗು ಬಂತು, ಊರಿನ ಇಕ್ಕಟ್ಟು ಬಿಡಿಸಿ ಹೊಸ ಬಡಾವಣೆ ಕಟ್ಟಲು 1903ರಲ್ಲಿ ನಗರ ಸುಧಾರಣಾ ಮಂಡಳಿಯೇ ಹುಟ್ಟಿತು. ಆ ಕಾಲದ ಒಂದು ಹಾಳೆ ಸಿಕ್ಕರೂ ಬಂಗಾರ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಕೊಟ್ಟಿತ್ತು, ಜಗತ್ತಿನಲ್ಲೇ ಮೊದಲ ಸರ್ಕಾರಿ ಪ್ರಯತ್ನವೆಂದು ಅದನ್ನು ಹೇಳುತ್ತಾರೆ. ಅಂಥ ಕ್ಲಿನಿಕ್ಕಿನ ಪುಸ್ತಕವೇನಾದರೂ ಕೈಗೆ ಬಂದರೆ ಆ ದಿನ ಬೇರೆ ಕೆಲಸ ನಿಲ್ಲಿಸಿ. ಮೂರನೆಯದು ಕೇಸ್ ಶೀಟುಗಳು. ಪುಸ್ತಕಗಳು ಕೊನೆಗೆ.

ಪುಸ್ತಕಗಳಲ್ಲೂ ತರತಮ ಇದೆ. ಇಲ್ಲೇ ಅಚ್ಚಾದ ಆಸ್ಪತ್ರೆ ವರದಿ, ದಾದಿಯರ ತರಬೇತಿಗೆ ಕನ್ನಡದಲ್ಲಿ ಬರೆದ ಪುಟ್ಟ ಕೈಪಿಡಿ, ಔಷಧಾಲಯದ ಸೂತ್ರಗಳ ಕಿರುಹೊತ್ತಿಗೆ ಇವೆಲ್ಲ ಬಡಕಲಾಗಿ ಕಂಡರೂ ತೊಗಲು ಬೈಂಡಿನ ವಿಲಾಯತಿ ಪುಸ್ತಕಕ್ಕಿಂತ ಮುಂದೆ ಬರಬೇಕು. ವಿಲಾಯತಿ ಪುಸ್ತಕಕ್ಕೂ ಬೆಲೆ ಬರುವುದು ಅದರ ಅಂಚಿನಲ್ಲಿ ಯಾರೋ ಡಾಕ್ಟರು ಪೆನ್ಸಿಲಿನಲ್ಲಿ ಗೀಚಿದ ಟಿಪ್ಪಣಿಯಿಂದ, ಒಳಪುಟದ ಮೊಹರಿನಿಂದ. ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂತು. ಆ ನಡುವಿನ ವರ್ಷಗಳ ಮೊಹರಿದ್ದರೆ ಪುಸ್ತಕವೂ ಕಾಲೇಜಿನ ಜೊತೆ ರೈಲು ಹತ್ತಿ ಬಂದಿರಬಹುದು.

ತಾಳೆಗರಿ ಸಿಕ್ಕರೆ ನೀವೇ ಕೈ ಹಾಕಬೇಡಿ. 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ಮೈಸೂರಿನಲ್ಲೇ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಗರಿಗಳನ್ನು ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿದ ಸಂಸ್ಥೆ ಅದು. ಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುವ ಪದ್ಧತಿ ಅವರಿಗೆ ಗೊತ್ತು. ಇದನ್ನು ಕೇಳಿದ ನಮ್ಮ ಸ್ವಯಂಸೇವಕನೊಬ್ಬ ಕಾಗದದ ರಿಜಿಸ್ಟರಿಗೂ ಅದೇ ಎಣ್ಣೆ ಹಚ್ಚಿಬಿಟ್ಟ. ಹನ್ನೊಂದು ಪುಟ ಬೋಂಡಾ ಕಟ್ಟಿದ ಪೇಪರಿನ ಹಾಗಾಯಿತು. ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣತೊಡಗಿತು. ಎಣ್ಣೆ ಗರಿಗೆ, ಕಾಗದಕ್ಕಲ್ಲ.

ಒಂದು ರಿಜಿಸ್ಟರನ್ನು ಶುಚಿ ಮಾಡುವ ಬಗೆ

ಮೇಜಿನ ಮೇಲೆ ಬಿಳಿ ಕಾಗದ ಹಾಸಿ. ರಿಜಿಸ್ಟರಿನ ಎರಡೂ ರಟ್ಟಿನ ಕೆಳಗೆ ಮಡಿಸಿದ ಟವೆಲ್ ಕೊಡಿ, ಪುಸ್ತಕ ಇಂಗ್ಲಿಷಿನ 'ವಿ' ಅಕ್ಷರದಷ್ಟೇ ತೆರೆದುಕೊಳ್ಳಲಿ. ಚಪ್ಪಟೆಯಾಗಿ ಒತ್ತಿದರೆ ಹೊಲಿಗೆ ಟಪ್ಪನೆ ಹೋಗುತ್ತದೆ. ಹೊಸದಾದ, ಮೆತ್ತಗಿನ ಎರಡಿಂಚಿನ ಬಣ್ಣದ ಬ್ರಷ್ ತೆಗೆದುಕೊಂಡು ಹೊಲಿಗೆಯ ಕಡೆಯಿಂದ ಹೊರಗಿನ ಅಂಚಿನ ಕಡೆಗೆ, ಒಂದೇ ದಿಕ್ಕಿನಲ್ಲಿ, ಮಗುವಿನ ತಲೆ ಬಾಚಿದ ಹಾಗೆ ಗುಡಿಸಿ. ಆಚೀಚೆ ತಿಕ್ಕಿದರೆ ಧೂಳು ಕಾಗದದ ಎಳೆಯೊಳಗೇ ಕೂರುತ್ತದೆ. ಕೆಳಗಿನ ಬಿಳಿ ಹಾಳೆಯ ಮೇಲೆ ಬಿದ್ದದ್ದನ್ನು ನೋಡಿ: ಬರೀ ಧೂಳೇ, ರವೆಯಂಥ ಹಿಕ್ಕೆಯೇ, ರೆಕ್ಕೆಯೇ? ಹಿಟ್ಟಿನಂಥ ಹೊಸ ಪುಡಿ ಇದ್ದರೆ ಒಳಗೆ ಹುಳು ಇನ್ನೂ ಜೀವಂತ. ಆ ರಿಜಿಸ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆಯಿಡಿ. ಮೈನಸ್ 20 ಡಿಗ್ರಿಯ ಫ್ರೀಜರ್ ಸಿಕ್ಕರೆ, ಗಾಳಿ ತೆಗೆದು ಮುಚ್ಚಿದ ಚೀಲದಲ್ಲಿ ಎರಡು ವಾರ ಇಟ್ಟು, ಹೊರಗೆ ತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚದೆ ಬಿಡಿ. ಲಸಿಕೆಯ ಅಥವಾ ರಕ್ತನಿಧಿಯ ಫ್ರೀಜರ್ ಕಡೆ ಮಾತ್ರ ಕಣ್ಣು ಹಾಕಬೇಡಿ.

ತುಕ್ಕು ಹಿಡಿದ ಗುಂಡುಪಿನ್ನು ಎಳೆಯಬಾರದು, ಎಳೆದರೆ ಕಾಗದವೂ ಜೊತೆಗೆ ಬರುತ್ತದೆ. ಪಿನ್ನಿನ ಕೆಳಗೆ ಮೇಲೆ ಎರಡೂ ಕಡೆ ತೆಳು ಪಾಲಿಯೆಸ್ಟರ್ ಹಾಳೆಯ ಚೂರು ಸರಿಸಿ. ಕಾಗದಕ್ಕೆ ಅಂಟಿದ ತುಕ್ಕು ಆಚೀಚೆ ಒಂದೊಂದು ಕೂದಲೆಳೆಯಷ್ಟು ಜಾರಿದಾಗ ಬಿಡುತ್ತದೆ, ಆಗ ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿ. ಒಂದು ಪಿನ್ನಿಗೆ ಐದು ನಿಮಿಷ ಹಿಡಿಯಲಿ, ಪರವಾಗಿಲ್ಲ. ಬಿಡಿ ಹಾಳೆಗಳನ್ನು ಮತ್ತೆ ಸ್ಟೇಪಲ್ ಹೊಡೆಯದೆ, ಮಡಿಸಿದ ದಪ್ಪ ಕಾಗದದೊಳಗಿಟ್ಟು ಹತ್ತಿಯ ಲಾಡಿಯಿಂದ ಸಡಿಲವಾಗಿ ಕಟ್ಟಿ.

ಹರಿದ ಕಡೆ ಸೆಲ್ಲೋಟೇಪ್ ಹಚ್ಚುವವರ ಕೈ ಹಿಡಿದುಕೊಳ್ಳಿ. ಕೆಲವೇ ವರ್ಷದಲ್ಲಿ ಟೇಪ್ ಉದುರುತ್ತದೆ, ಕಂದು ಅಂಟಿನ ಕಲೆ ಅಕ್ಷರದ ಮೇಲೆ ಖಾಯಂ ಉಳಿಯುತ್ತದೆ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು, ತೆಗೆಯುವ ದಾರಿಯೇ ಇರುವುದಿಲ್ಲ. ತೀರಾ ಹರಿದದ್ದಕ್ಕೆ ತೆಳು ಜಪಾನೀ ಕಾಗದ, ಗೋಧಿ ಗಂಜಿಯ ಅಂಟು ಸಾಕು. ಅದೂ ಒಬ್ಬರಿಂದ ಕೈಯಾರೆ ಕಲಿತ ಮೇಲೆ. ಹಳೇ ಕಪ್ಪು ಶಾಯಿ ಕಂದಾಗಿ ಕಾಗದವನ್ನೇ ತಿಂದು ತೂತು ಮಾಡಿದ್ದರೆ ಅದು ಕಬ್ಬಿಣದ ಶಾಯಿ. ಅಲ್ಲಿಗೆ ನೀರು ಸೋಕಿಸಬಾರದು.

ಮಳೆ ನೀರು ನುಗ್ಗಿ ಒದ್ದೆಯಾಯಿತೆನ್ನಿ. ನಿಮಗಿರುವುದು ಎರಡು ದಿನ, ಆಮೇಲೆ ಬೂಷ್ಟು ಏಳುತ್ತದೆ. ಬಿಸಿಲಿಗೆ ಹಾಕಬೇಡಿ. ನೆರಳಿನಲ್ಲಿ ಫ್ಯಾನ್ ಹಾಕಿ, ಫ್ಯಾನ್ ಮುಖ ಕಾಗದದ ಕಡೆಗಿರದೆ ಗೋಡೆ ಕಡೆಗಿರಲಿ, ಹತ್ತಿಪ್ಪತ್ತು ಪುಟಕ್ಕೊಂದು ಒತ್ತುಕಾಗದ ಇಟ್ಟು ಗಂಟೆಗೊಮ್ಮೆ ಬದಲಾಯಿಸಿ.

ಇಡುವ ಜಾಗ

ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಯಿಂದ ಒಂದು ಗೇಣು ಈಚೆ, ಕಬ್ಬಿಣದ ರ‍್ಯಾಕ್. ಗೆದ್ದಲಿನ ಮಣ್ಣಿನ ಗೆರೆ ಗೋಡೆಯಿಂದಲೇ ಬರುತ್ತದೆ, ವಾರಕ್ಕೊಮ್ಮೆ ಟಾರ್ಚ್ ಬಿಟ್ಟು ನೋಡಿ. ದೊಡ್ಡ ರಿಜಿಸ್ಟರುಗಳನ್ನು ಮಲಗಿಸಿಡಿ, ಒಂದರ ಮೇಲೊಂದು ಮೂರಕ್ಕಿಂತ ಹೆಚ್ಚು ಬೇಡ. ಗಂಜಿ ಹೋಗುವಂತೆ ಎರಡು ಸಲ ಒಗೆದ ಕೋರಾ ಬಟ್ಟೆಯಲ್ಲಿ ಸುತ್ತಿ. ಆ ಗಂಜಿ ಬೆಳ್ಳಿಹುಳುವಿಗೆ ಪ್ರಿಯ. ಮೈಸೂರಿನ ಸಂತೆಪೇಟೆಯ ಗ್ರಂಥಿಗೆ ಅಂಗಡಿಯಿಂದ ಬಜೆ ತಂದು ಬಟ್ಟೆಗಂಟಿನಲ್ಲಿ ಅರೆಯ ಮೂಲೆಗಿಡುವುದು ಹಳೆಯ ಪದ್ಧತಿ. ಕಾಗದಕ್ಕೆ ತಾಗದಂತೆ ಇಡುವುದಾದರೆ ನನ್ನ ತಕರಾರಿಲ್ಲ, ಆದರೆ ಅದನ್ನೇ ನಂಬಿ ಗುಡಿಸುವುದನ್ನು ಬಿಟ್ಟರೆ ಹುಳು ಬಜೆಯ ಪಕ್ಕದಲ್ಲೇ ಸಂಸಾರ ಹೂಡುತ್ತದೆ. ನುಸಿಗುಳಿಗೆ ಬೇಡ, ಅಲ್ಲಿ ಕೂತು ಕೆಲಸ ಮಾಡುವವರ ಆರೋಗ್ಯಕ್ಕೆ ಕೆಟ್ಟದ್ದು. ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಹೈಗ್ರೋಮೀಟರ್ ಒಂದನ್ನು ಗೋಡೆಗೆ ಹಾಕಿ, ತೇವಾಂಶ ನೂರಕ್ಕೆ 65 ದಾಟಿದರೆ ಏನಾದರೂ ಮಾಡಲೇಬೇಕು.

ಸ್ಕ್ಯಾನ್

ಕಾಗದ ಎಳೆಯುವ ಆಫೀಸ್ ಸ್ಕ್ಯಾನರ್ ಬೇಡ. ಮೇಲಿನಿಂದ ಫೋಟೊ ತೆಗೆಯುವ ಸ್ಟ್ಯಾಂಡ್, ಎರಡೂ ಪಕ್ಕದಿಂದ ಓರೆಯಾಗಿ ಬೆಳಕು, ಪುಟದ ಪಕ್ಕದಲ್ಲಿ ಒಂದು ಅಳತೆಪಟ್ಟಿ. 300ರಿಂದ 400 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ), ಬಣ್ಣದಲ್ಲೇ. ಖಾಲಿ ಪುಟವನ್ನೂ ಬಿಡಬೇಡಿ, ಇಲ್ಲವಾದರೆ ಪುಟ ಕಾಣೆಯಾಗಿದೆಯೋ ಖಾಲಿ ಇತ್ತೋ ಮುಂದೆ ತಿಳಿಯದು. ಫೈಲಿನ ಹೆಸರಿನಲ್ಲಿ ನಿಮ್ಮ ಕ್ರಮಸಂಖ್ಯೆ ಮತ್ತು ಪುಟಸಂಖ್ಯೆ ಮಾತ್ರ ಇರಲಿ, ರೋಗಿಯ ಹೆಸರು ಎಂದಿಗೂ ಬೇಡ. ಮೂರು ಪ್ರತಿ, ಒಂದು ಬೇರೆ ಕಟ್ಟಡದಲ್ಲಿ. ಸಿಬ್ಬಂದಿಯ ಸ್ವಂತ ಮೊಬೈಲಿನಲ್ಲಿ ತೆಗೆದರೆ ಸಂಜೆಯೊಳಗೆ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಇರುತ್ತದೆ, ಬೇರೆ ಕ್ಯಾಮೆರಾ ಇಡಿ.

ಯಾರು ನೋಡಬಹುದು

1940ರಲ್ಲಿ ಹುಟ್ಟಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಕ್ಷಯ, ಕುಷ್ಠ, ಗುಹ್ಯರೋಗ, ಗರ್ಭಪಾತ ಎಂದು ಬರೆದ ಸಾಲಿನ ಎದುರಿರುವ ಹೆಸರಿಗೆ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಹಳೇ ರಿಜಿಸ್ಟರಿನಲ್ಲಿ ಜಾತಿಗೂ ಒಂದು ಕಾಲಂ ಇರುತ್ತದೆ. ಹೆಸರು ಅಳಿಸಿದರೆ ಸಾಕು ಎಂದುಕೊಳ್ಳಬೇಡಿ. ನಲವತ್ತು ಮನೆಯ ಹಳ್ಳಿಯಲ್ಲಿ ಊರು, ವರ್ಷ, ಜಾತಿ, ಕಾಯಿಲೆ ಇಷ್ಟು ಹೇಳಿದರೆ ಯಾರ ಮನೆಯ ಅಜ್ಜಿ ಎಂದು ಅರಳಿಕಟ್ಟೆಯಲ್ಲಿ ಕೂತವರು ಹೇಳಿಬಿಡುತ್ತಾರೆ. ಪ್ರದರ್ಶನಕ್ಕೆ ಇಡುವುದಾದರೆ ರಟ್ಟನ್ನೋ, ಖಾಲಿ ಕಾಲಂಗಳ ತಲೆಬರಹವನ್ನೋ, ಔಷಧಿ ದಾಸ್ತಾನಿನ ಪುಟವನ್ನೋ ಇಡಿ. ಸಂಶೋಧನೆಗೆ ಕೇಳಿದವರು ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ತಂದ ಮೇಲೇ ಪುಟ ತೆರೆಯಿರಿ, ಎಷ್ಟೇ ದೊಡ್ಡ ಪ್ರೊಫೆಸರಾಗಿರಲಿ.

ಹುಟ್ಟಿದ ತಾರೀಖು ಹುಡುಕಿಕೊಂಡು ಬರುವವರೇ ಹೆಚ್ಚು. ಪಿಂಚಣಿಗೆ, ಪಾಸ್‌ಪೋರ್ಟಿಗೆ, ಕೆಲವೊಮ್ಮೆ ಬರೀ ಕುತೂಹಲಕ್ಕೆ. ಹೆಸರಿನಿಂದ ಹುಡುಕಿದರೆ ಸಿಗುವುದಿಲ್ಲ, ಹೆರಿಗೆ ದಿನ ಮಗುವಿಗೆ ಹೆಸರೇ ಇರುವುದಿಲ್ಲವಲ್ಲ. ತಾಯಿಯ ಹೆಸರು, ತಂದೆಯ ಹೆಸರು, ಊರು ಕೇಳಿ. "ಪ್ಲೇಗಿನ ವರ್ಷ", "ಕಟ್ಟೆ ತುಂಬಿದ ವರ್ಷ" ಎಂದು ಮನೆಯಲ್ಲಿ ಹೇಳುತ್ತಿದ್ದ ಮಾತಿದ್ದರೆ ಅದನ್ನೂ ಬರೆದುಕೊಳ್ಳಿ. ಸಿಕ್ಕಿದ್ದನ್ನು ನಕಲು ಮಾಡಿ ಅಧೀಕ್ಷಕರ ಸಹಿ ಹಾಕಿಸಿ ಕೊಡಬಹುದು. ಅದು ಜನನ ಪ್ರಮಾಣಪತ್ರ ಅಲ್ಲ, ಅದಕ್ಕೆ ಜನನ ಮರಣ ನೋಂದಣಾಧಿಕಾರಿಗಳ ಬಳಿಗೇ ಹೋಗಬೇಕು ಎಂದು ಆಗಲೇ ಹೇಳಿಬಿಡಿ.

ಪುಟವನ್ನು ಕಣ್ಣಾರೆ ನೋಡುತ್ತೇನೆ ಎನ್ನುವವರೂ ಬರುತ್ತಾರೆ, ಅದು ಅವರ ಹಕ್ಕಿನ ಆಸೆ. ಆದರೆ ಅದೇ ಪುಟದಲ್ಲಿ ಇನ್ನೂ ಇಪ್ಪತ್ತು ತಾಯಂದಿರ ಹೆಸರಿರುತ್ತದೆ. ಅದಕ್ಕೆ ನಾನು ರಿಜಿಸ್ಟರ್ ಪುಟದಷ್ಟೇ ಅಗಲದ ಕಪ್ಪು ರಟ್ಟು ಕತ್ತರಿಸಿ, ನಡುವೆ ಒಂದು ಸಾಲಿನಷ್ಟೇ ಕಿಂಡಿ ಕೊರೆದಿಟ್ಟುಕೊಂಡಿದ್ದೇನೆ. ಪುಟದ ಮೇಲಿಟ್ಟು ಸಾಲಿಗೆ ಸರಿಯಾಗಿ ಸರಿಸಿದರೆ ಅವರ ಅಮ್ಮನ ಹೆಸರು, 'ಹೆಣ್ಣು ಮಗು, 5 ಪೌಂಡ್ 4 ಔನ್ಸ್' ಎಂಬುದಷ್ಟೇ ಕಾಣುತ್ತದೆ. ರಟ್ಟನ್ನು ಎತ್ತುವುದು ರಿಜಿಸ್ಟರ್ ಮುಚ್ಚಿದ ಮೇಲೆ.